ಮೇಲೇರಿದ ಹೊಟ್ಟೆ

ನಾನು ನವನಗರದ ಸಾಲೆಯಲ್ಲಿ ಅಕ್ಕೋರು, ಅಂದರೆ ಟೀಚರು. ಕ್ಯಾನ್ಸರ್ ಬಂದ ಮನೆಯಲ್ಲಿ ಎಲ್ಲರೂ ಪಿಸುಮಾತಾಡುತ್ತಾರೆ ಅಂತ ಕೇಳಿದ್ದೆ. ನಮ್ಮವರಿಗೆ ಪಿಸುಮಾತು ಗೊತ್ತಿಲ್ಲ, ಹಾಗಾಗಿ ಇಂಥವು ನಡೆಯುತ್ತಲೇ ಇರುತ್ತವೆ.

೧

ಎಡಮೊಲೆ ತೆಗೆಸಿಕೊಂಡು, ಸುಧಾರಿಸಿಕೊಳ್ಳಲು ತವರು ಇಳಕಲ್ಲಿಗೆ ಹೋದೆ. ವಾಪಸ್ ಹೊರಟಾಗ ಓಣಿಯ ಹೆಂಗಸರೆಲ್ಲ ಕರೆದು ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಮೇಲೆ ಒಬ್ಬೊಬ್ಬರದೂ ಒಂದೊಂದು ಕುಬಸದ ಕಣ, ಅಂದರೆ ರವಿಕೆ ಬಟ್ಟೆ. ಎರಡಿದ್ದಾಗ ಇಷ್ಟು ಕುಬಸ ಯಾರೂ ಕೊಟ್ಟಿರಲಿಲ್ಲ!

"ಇಷ್ಟ್ ಕಣ ಏನ್ ಮಾಡ್ಲೆವ್ವಾ?" ಅಂದೆ.

"ಈಗ ಅರಿವಿ ಕಡಿಮಿ ಹಿಡೀತೈತಲ್ಲ, ಒಂದರಾಗ ಎರಡ ಹೊಲಿಸ್ಕೋ" ಅಂದಳು ಅವ್ವ.

೨

ನಕ್ಕೆ, ಖರೆ. ಆದರೆ ಕನ್ನಡಿ ಮುಂದೆ ನಿಂತರೆ ಆ ಮೈ ಬೇರೆ ಯಾರದೋ ಅನಿಸುತ್ತಿತ್ತು. ಭಾಳ ಸಂಕಟ. ಅದು ಮತ್ತೆ ನನ್ನದು ಅನಿಸಲಿ ಅಂತಲೇ ಇನ್ನೊಂದು ಆಪರೇಷನ್ನಿಗೆ ಒಪ್ಪಿದೆ. ಹೊಟ್ಟೆಯ ಚರ್ಮ, ಕೊಬ್ಬು ತೆಗೆದು ಮೇಲೆ ಹೊಸ ಮೊಲೆ ಮಾಡುತ್ತೇವೆ ಅಂದರು ಡಾಕ್ಟರು.

ಜೊತೆಗೆ ಬಂದಿದ್ದ ಅತ್ತೆ ನನ್ನ ಹೊಟ್ಟೆಯನ್ನು ಅಭಿಮಾನದಿಂದ ನೋಡಿದರು. "ಎಷ್ಟ್ ಬೇಕಾದ್ರೂ ತಗೋರಿ ಡಾಕ್ಟರ. ಎಲ್ಲಾ ನಮ್ಮನಿ ಎಮ್ಮಿ ತುಪ್ಪದ್ದು. ಕಲಬೆರಕಿ ಇಲ್ಲ!"

೩

ಹೊಸದು ಎತ್ತರಕ್ಕೆ ಕೂತಿತು, ಹಳೆಯದು ತನ್ನ ವಯಸ್ಸಿಗೆ ತಕ್ಕಂತೆ ಇತ್ತು. ಕುಬಸ ಹೊಲಿಯುವಾಕೆ ಟೇಪು ಹಿಡಿದು ತಲೆ ಕೆರೆದುಕೊಂಡಳು.

"ಅಕ್ಕೋರ, ಇದಕ್ಕ ಇಪ್ಪತ್ತ್ ವರ್ಷ, ಅದಕ್ಕ ಐವತ್ತು. ಯಾವುದರ ಅಳತಿ ಹಿಡೀಲಿ?"

"ಹಿರೀದರದ್ದು ಹಿಡಿಯವ್ವಾ. ಹೊಸದಾಗಿ ಬಂದದ್ದು ಹೊಂದ್ಕೊಂಡ್ ಹೋಗ್ತೈತಿ."

೪

ಸಾಲೆಯ ಗೆಳತಿಯ ಜೊತೆ ಬನಶಂಕರಿ ಗುಡಿಗೆ ಹೊರಟಿದ್ದೆ. ಬದಾಮಿ ಬಸ್ಸು ತುಂಬಿ ತುಳುಕುತ್ತಿತ್ತು. ನಾನು ಕಿಟಕಿಯಾಚೆ ನೋಡುತ್ತ ಆರಾಮಾಗಿ ನಿಂತಿದ್ದೆ. ಇದ್ದಕ್ಕಿದ್ದಂತೆ ಗೆಳತಿ ಚಪ್ಪಲಿ ಕಳಚಿ ನನ್ನ ಪಕ್ಕದವನ ಮೇಲೆ ಎತ್ತಿದಳು.

"ಆಗಿಂದ ಮೊಣಕೈಲೆ ನಿನ್ನ ಎದಿ ಒತ್ತಾಕತ್ತಾನ ಇಂವ! ನಿನಗ ಗೊತ್ತಾಗವಲ್ದೇನ?"

ಗೊತ್ತಾಗುವುದು ಹೇಗೆ? ಹೊಸದಕ್ಕೆ ಮುಟ್ಟಿದ್ದು ತಿಳಿಯುವುದಿಲ್ಲ.

"ಅದು ಎದಿ ಅಲ್ಲ" ಅಂದೆ. "ನನ್ನ ಹೊಟ್ಟಿ."

ಇಡೀ ಬಸ್ಸು ತಿರುಗಿ ನೋಡಿತು. ಆತ ತನ್ನ ಮೊಣಕೈಯನ್ನೇ ಗಾಬರಿಯಿಂದ ನೋಡಿಕೊಂಡ. ಗೆಳತಿಯ ಚಪ್ಪಲಿ ಗಾಳಿಯಲ್ಲೇ ನಿಂತಿತು.

"ಹಂಗಾರ ಹೊಡೀಲೋ, ಬ್ಯಾಡೋ?"

ಸೆರಗು ಸರಿಮಾಡಿಕೊಳ್ಳುತ್ತ ಒಮ್ಮೆ ಬಗ್ಗಿ ನೋಡಿದೆ. ಎಷ್ಟು ನೋವು ತಿಂದು ಮೇಲೆ ಹತ್ತಿಸಿದ್ದು!

"ಹೊಡಿಯವ್ವಾ" ಅಂದೆ. "ಹೊಟ್ಟಿ ಆದ್ರೇನಾತು, ನಂದು!"