ಜಗಳ ನಿಲ್ಲಿಸಿದ ಪ್ರಾಕ್ಸಿ ಸರ್ವರು

ಕೆಟ್ಟದ್ದನ್ನು ರಿಪೇರಿ ಮಾಡುವ ಗಂಡಸರಿಂದ ಸಂಸಾರಕ್ಕೆ ಅಂಥ ಅಪಾಯವೇನಿಲ್ಲ. ಚೆನ್ನಾಗಿ ನಡೆಯುತ್ತಿರುವುದನ್ನು ಸುಧಾರಿಸಲು ಹೊರಡುತ್ತಾರಲ್ಲ, ಅವರನ್ನು ಕಂಡರೆ ಹೆದರಬೇಕು. ನಾನು ಈ ಎರಡನೆಯ ಜಾತಿ. ಓಝರ್ ಕಡೆಯ ಕಾರ್ಖಾನೆಯಲ್ಲಿ ಹಗಲೆಲ್ಲ ವಿಮಾನದ ಬಿಡಿಭಾಗಗಳ ಜೊತೆ ಗುದ್ದಾಡಿ ಬಂದವನು ಸಂಜೆ ನಾಸಿಕದ ಮನೆಯಲ್ಲಿ ಕೈಕಟ್ಟಿ ಕೂರು ಅಂದರೆ ಹೇಗೆ ಕೂರಲಿ? ಒಮ್ಮೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿಕೊಟ್ಟೆ. ಹೆಂಡತಿ ವಾರವಿಡೀ ಜೀರಿಗೆ ಹುಡುಕಿದಳು.

ಬ್ರಾಡ್‌ಬ್ಯಾಂಡ್ ಆಗಷ್ಟೇ ಮನೆಮನೆಗೆ ಬರುತ್ತಿದ್ದ ಕಾಲ. ನಮ್ಮ ಪಡಸಾಲೆಯಲ್ಲಿ ಒಂದೇ ಕಂಪ್ಯೂಟರ್. ಸಂಜೆ ನಾನು ನಮ್ಮೂರು ಗುಲಬರ್ಗಾ ಕಡೆಯ ಸುದ್ದಿಗಾಗಿ ಕನ್ನಡ ಪತ್ರಿಕೆ ತೆರೆದು ಕೂರುತ್ತಿದ್ದೆ. ಗಟ್ಟಿಯಾಗಿ ಓದಿದರೇನೇ ನನಗೆ ಓದಿದಂತೆ. ಹೈಸ್ಕೂಲಿನ ಮಗಳು ಸ್ನೇಹಾ ಬೆನ್ನ ಹಿಂದೆ ನಿಂತು ಕುರ್ಚಿ ಅಲ್ಲಾಡಿಸುತ್ತ “ಉಠಾ ನಾ ಅಪ್ಪಾ! ಕಿತೀ ವೇಳ್?”, ಏಳಿ, ಇನ್ನೆಷ್ಟು ಹೊತ್ತು ಎಂದು ಮರಾಠಿಯಲ್ಲಿ ಪೀಡಿಸುವಳು. ನಾಸಿಕದಲ್ಲೇ ಹುಟ್ಟಿದವಳು, ಕನ್ನಡ ಅವಳ ಕಿವಿಗೆ ಹೋಗುತ್ತಿತ್ತೇ ಹೊರತು ಬಾಯಿಂದ ಹೊರಡುತ್ತಿರಲಿಲ್ಲ. ಆದರೆ ಕಾಯುತ್ತ ನಿಂತವರು ಏನು ಮಾಡಬೇಕು? ಕೇಳಿಸಿಕೊಳ್ಳುತ್ತಿದ್ದಳು. ಕೇಳುತ್ತ ಕೇಳುತ್ತ ಒಂದು ಸಂಜೆ ಕನ್ನಡದಲ್ಲೇ ಬಾಯಿಬಿಟ್ಟಳು.

“ಧರಣಿ ಅಂದ್ರ ಮೋರ್ಚಾ ಏನ್ರಿ?”

“ಮೋರ್ಚಾ ಅಂದ್ರ ನಡಿಯೂದವಾ, ಧರಣಿ ಅಂದ್ರ ಕುಂಡ್ರೂದು.”

“ಹಂಗಾದ್ರ ನೀವು ದಿನಾ ಇಲ್ಲಿ ಧರಣಿ ಮಾಡ್ಲಿಕತ್ತೀರಿ. ಏಳ್ರಿ!”

ನೋಡಿ, ಅಪ್ಪನನ್ನು ಕನ್ನಡದಲ್ಲಿ ಬೈಯುವಷ್ಟು ಭಾಷೆ ಬಂದಿತ್ತು ಹುಡುಗಿಗೆ.

ದಡ್ಡನಾದ ನನಗೆ ಅದರಲ್ಲಿ ಕಂಡದ್ದು ಜಗಳ ಮಾತ್ರ. ಔರಂಗಾಬಾದಿನಲ್ಲಿ ನನ್ನ ಹೆಂಡತಿಯ ತಮ್ಮ ಹಳೆಯ ಕಂಪ್ಯೂಟರೊಂದನ್ನು ಮೂಲೆಗೆ ಹಾಕಿದ್ದ. ಹೋಗಿ ತಂದೆ. ಮನ್ಮಾಡ್ ದಾರಿಯಾಗಿ ರೈಲಿನಲ್ಲಿ, ಮಾನಿಟರಿಗೆ ದುಪ್ಪಟಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು. ಎದುರು ಕೂತ ಮುದುಕಿಯೊಬ್ಬಳು “ದೇವ್ ಆಹೇ ಕಾ ಬಾಬಾ?” ಎಂದು ಕೈಮುಗಿದೇಬಿಟ್ಟಳು. ಆ ದೇವರನ್ನು ಮಗಳ ಕೋಣೆಯಲ್ಲಿ ಪ್ರತಿಷ್ಠಾಪಿಸಿದೆ. ಗೋಡೆಗೆ ತೂತು ಕೊರೆದು ವೈರು ಎಳೆದೆ. ಪಡಸಾಲೆಯ ಕಂಪ್ಯೂಟರನ್ನು ಪ್ರಾಕ್ಸಿ ಸರ್ವರು ಮಾಡಿದೆ. ಅಂದರೆ ಮಧ್ಯವರ್ತಿ: ಮಗಳ ಕಂಪ್ಯೂಟರ್ ಕೇಳಿದ್ದನ್ನೆಲ್ಲ ಇದು ಹೊರಗಿನಿಂದ ತಂದುಕೊಡಬೇಕು. ರವಿವಾರ ಪೂರ್ತಿ ಆ ಯಂತ್ರಕ್ಕೆ ಈ ಯಂತ್ರದ ವಿಳಾಸ ಹೇಳಿಕೊಡುತ್ತ ಕೋಣೆಗೂ ಪಡಸಾಲೆಗೂ ಓಡಾಡಿದೆ. ಕೊನೆಗೂ ಒಂದು ಪುಟ ತೆರೆಯಿತು. ಸ್ನೇಹಾ ಕುಣಿದಾಡಿದಳು. ನಾನೂ ಮೀಸೆ ತಿರುವಿದೆ.

ಮರುದಿನದಿಂದ ಬೆನ್ನ ಹಿಂದೆ ಯಾರೂ ಇಲ್ಲ. ನಾನು ಗಟ್ಟಿಯಾಗಿ ಓದಿದೆ, ಗೋಡೆ ಕೇಳಿತು. ಮಗಳು ಊಟಕ್ಕೆ ಬಂದು ಎರಡು ಮಾತಾಡಿ, ಅದೂ ಮರಾಠಿಯಲ್ಲಿ, ಮತ್ತೆ ಕೋಣೆ ಸೇರುವಳು. “ಜಗಳಾ ಬಿಡಸ್ತೀನಿ ಅಂತ ಗ್ವಾಡಿಗೆ ತೂತ ಹಾಕಿದ್ರಿ,” ಎಂದಳು ಹೆಂಡತಿ, “ಈಗ ಮನ್ಯಾಗ ಜಗಳಾ ಆಡ್ಲಿಕ್ಕೂ ಯಾರೂ ಸಿಗವಲ್ರು.” ಎಂಥ ಕೆಲಸ ಮಾಡಿಕೊಂಡೆನಪ್ಪಾ! ಇರುವವಳು ಒಬ್ಬಳೇ ಮಗಳು. ಅವಳ ನಾಲಿಗೆಗೆ ಆಗತಾನೆ ಹತ್ತಿದ್ದ ಕನ್ನಡವನ್ನೂ ಅವಳನ್ನೂ ಕೂಡಿಯೇ ಗೋಡೆಯಾಚೆ ಕಳಿಸಿದ್ದೆ.

ಒಂದು ಸಂಜೆ ತಡೆಯಲಾರದೆ ಸದ್ದಿಲ್ಲದೆ ಸರ್ವರು ನಿಲ್ಲಿಸಿಬಿಟ್ಟೆ. ಸ್ವಲ್ಪ ಹೊತ್ತಿಗೇ ಕೋಣೆಯ ಬಾಗಿಲು ತೆರೆಯಿತು.

“ನೆಟ್ ಗೇಲಾ ಕಾ, ಅಪ್ಪಾ?”

“ಹೌದವಾ, ಸರ್ವರ್ ಕೆಟ್ಟದ. ಭಾಳ ದೊಡ್ಡ ಕೆಲಸ ಅದು. ಇಲ್ಲೇ ನಿಂದ್ರು, ಇದೊಂದು ಸುದ್ದಿ ಓದಿ ಎದ್ದುಬಿಡ್ತೀನಿ.”

ಇದ್ದುದರಲ್ಲೇ ಉದ್ದನೆಯ ಸುದ್ದಿ ಹುಡುಕಿ, ರಾಗವಾಗಿ ಓದತೊಡಗಿದೆ. ಅವಳು ಬಂದು ಕುರ್ಚಿಯ ಹಿಂದೆ ನಿಂತಳು. ಆಹಾ, ಎಷ್ಟು ಖುಷಿಯಾಯಿತು! ಅಷ್ಟರಲ್ಲಿ ನನ್ನ ಹೆಗಲ ಮೇಲಿಂದ ಒಂದು ಕೈ ಬಂತು, ಮೌಸ್ ಹಿಡಿಯಿತು, ಅಲ್ಲಿ ಇಲ್ಲಿ ಒತ್ತಿತು.

“ಬಂದ್ ಆಗಿತ್ತಷ್ಟೇ, ಚಾಲೂ ಮಾಡೀನಿ. ಈಗ ನೀವು ಆರಾಮ ಓದ್ರಿ ಅಪ್ಪಾ, ನಾ ನಡುವ ಬರೂದಿಲ್ಲ.”

ಅಚ್ಚ ನಮ್ಮೂರ ಮಾತು. ನಮ್ಮವ್ವ ಕೇಳಿದ್ದರೆ ದೃಷ್ಟಿ ತೆಗೆಯುತ್ತಿದ್ದಳು. ಹೇಳಿ ಹೋದಳು, ಬಾಗಿಲು ಮುಚ್ಚಿಕೊಂಡಿತು. ಸರ್ವರು ಸುಸೂತ್ರವಾಗಿ ನಡೆಯತೊಡಗಿತು. ಬೇಕೆಂದೇ ಕೆಡಿಸಿದರೂ ಕೆಡದಂಥ ಕೆಲಸ ನನ್ನ ಕೈಯಿಂದ ಆದದ್ದು ಅದೊಂದೇ.