ನಮ್ಮ ಚಿಕ್ಕಪ್ಪನ ಎಡಗಡೆ ಟೈರು

ನಮ್ಮ ಚಿಕ್ಕಪ್ಪ ಮುಖ ನೋಡಿ ಮನುಷ್ಯರ ಗುರುತು ಹಿಡಿದದ್ದನ್ನು ನಾನಂತೂ ಕಂಡಿಲ್ಲ. ಅವನು ಮೊದಲು ನೋಡುವುದು ನಿಮ್ಮ ಗಾಡಿಯ ಟೈರನ್ನು. ಗಾಡಿ ಇಲ್ಲವೇ? ಹಾಗಾದರೆ ಚಪ್ಪಲಿಯ ಅಟ್ಟೆಯನ್ನು! ಎರಡೂ ಇಲ್ಲದ ಬರಿಗಾಲಿನವರು ಅವನ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇಲ್ಲ.

ಮಗಳಿಗೆ ಗಂಡು ನೋಡಿದ್ದೂ ಹೀಗೆಯೇ. ಮೊದಲು ಬಂದ ಹುಡುಗ ಚಿಲಮತ್ತೂರಿನವನು, ಸೈಕಲ್ಲಿನಲ್ಲಿ ಬಂದಿದ್ದ. ಒಳಗೆ ಹೆಂಗಸರು ಉಪ್ಪಿಟ್ಟು ಬಡಿಸುತ್ತಿದ್ದರೆ ಚಿಕ್ಕಪ್ಪ ಅಂಗಳದಲ್ಲಿ ಸೈಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಆಮೇಲೆ ಚಿಕ್ಕಮ್ಮನನ್ನು ಅಡುಗೆಮನೆಯ ಮೂಲೆಗೆ ಕರೆದು, "ಈ ಹುಡ್ಗ ಬ್ಯಾಡ ಕಣೇ. ಹಿಂದ್ಲು ಟೈರು ಒಂದೇ ಮಗ್ಗುಲಿಗೆ ಸವೆದೈತೆ. ಸಂಸಾರಾನೂ ಹಂಗೇ ವಾಲಿಸ್ಬುಡ್ತಾನೆ!" ಎಂದ. ಕಲ್ಯಾಣದುರ್ಗದ ಹುಡುಗನ ಟೈರುಗಳು ಎರಡು ಮಗ್ಗುಲೂ ಸಮವಾಗಿ ಸವೆದಿದ್ದವು. ಮದುವೆ ಆಯಿತು. ಜಾತಕವನ್ನು ಯಾರಾದರೂ ನೋಡಿದರೇ? ನನಗೆ ತಿಳಿಯದು.

ನಮ್ಮದು ಹಿಂದೂಪುರದ ಮಗ್ಗದ ಮನೆತನ. ಚಿಕ್ಕಪ್ಪ ಮಗ್ಗ ಬಿಟ್ಟು ಒಂದು ಹಳೆಯ ಬಸ್ಸು ಕೊಂಡು ತಾನೇ ಸ್ಟೀರಿಂಗ್ ಹಿಡಿದವನು. ಕೈ ಮಾತ್ರ ಮಗ್ಗದ್ದೇ. ಸೀರೆಯ ಅಂಚನ್ನು ಸವರಿ ನೋಡುವಂತೆ ದಿನಾ ಬೆಳಿಗ್ಗೆ ಟೈರು ಸವರುತ್ತಿದ್ದ.

ಆ ವರ್ಷ ಬಸ್ಸಿನ ಎಫ್.ಸಿ. ಮುಗಿದಿತ್ತು. ಬ್ರೇಕ್ ಇನ್‌ಸ್ಪೆಕ್ಟರು ಗಾಡಿ ನೋಡಿ ಪಾಸು ಮಾಡುವವರೆಗೆ ಯಾರನ್ನೂ ಹತ್ತಿಸುವಂತಿಲ್ಲ. ಅವರ ಕ್ಯಾಂಪು ಬಿದ್ದದ್ದು ಕಲ್ಯಾಣದುರ್ಗದಲ್ಲಿ. ಅದೇ ದಿನ ಮಧ್ಯಾಹ್ನ, ಸೀಮಂತ ಮುಗಿಸಿಕೊಂಡಿದ್ದ ಮಗಳನ್ನು ಚೊಚ್ಚಲ ಹೆರಿಗೆಗೆ ಅಲ್ಲಿಂದ ಹಿಂದೂಪುರಕ್ಕೆ ಕರೆತರಬೇಕು.

"ನನ್ ಮಗಳು ನನ್ ಬಸ್ನಾಗೇ ಬರ್ಬೇಕು," ಎಂದು ಚಿಕ್ಕಪ್ಪ ಬಸ್‌ಸ್ಟ್ಯಾಂಡಿನ ನಟ್ಟನಡುವೆ ನಿಂತು ಸಾರಿಬಿಟ್ಟಿದ್ದ. "ಆ ಎದುರು ಕಂಪ್ನಿ ಡಬ್ಬದಾಗೆ ನಮ್ ಮನೇರು ಕಾಲಿಡಾದುಂಟಾ?"

ಹೊರಡುವ ಬೆಳಿಗ್ಗೆ ನೋಡಿದರೆ ಮುಂದಿನ ಎಡಗಡೆ ಟೈರಿನ ಮಗ್ಗುಲಲ್ಲಿ ಬೆರಳುದ್ದದ ಗೀರು! ಸ್ಟೆಪ್ನಿ ಆಗಲೇ ಪಂಕ್ಚರ್ ಅಂಗಡಿಯಲ್ಲಿ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಇಷ್ಟು ಸಣ್ಣ ಗಾಯಕ್ಕೆ ಫೇಲ್ ಮಾಡುತ್ತಾರೆಯೇ? ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರೆಲ್ಲ ಎದ್ದು ಬಂದು, ಕೂಸಿನ ಗಲ್ಲ ಮುಟ್ಟುವ ಹಾಗೆ ಒಬ್ಬೊಬ್ಬರಾಗಿ ಟೈರು ಮುಟ್ಟಿ ತೀರ್ಪು ಕೊಟ್ಟರು. ಪಾಸು ಎಂದವರಿಗೆ ಚಿಕ್ಕಪ್ಪ ಇನ್ನೊಂದು ಕಾಫಿ ಹೇಳಿದ. ಫೇಲು ಎಂದವರೂ ಕೂಡಲೇ ಮನಸ್ಸು ಬದಲಾಯಿಸಿದರು!

"ನೂಲು ಕಂಡ್ರೆ ಫೇಲು, ಕಾಣ್ದಿದ್ರೆ ಪಾಸು," ಎಂದ ಚಿಕ್ಕಪ್ಪ. "ಟೈರಿನ್ ಒಳಗೂ ನೂಲೇ ಕಣ್ಲಾ ಇರಾದು. ಇನ್ನೂ ಕಂಡಿಲ್ಲ. ಕಲ್ಯಾಣದುರ್ಗ ಮುಟ್ಟಾಗಂಟ ಕಾಣ್ದಂಗೆ ಕರ್ಕಂಡ್ ಹೋಗ್ಬೇಕು. ನೀನೂ ಬಾ. ಇನ್‌ಸ್ಪೆಕ್ಟ್ರು ಇಂಗ್ಲೀಷ್ನಾಗೆ ಬೈದ್ರೆ ತಿಳ್ಕಳ್ಳಾಕೆ ಒಬ್ಬ ಬೇಕು."

ಬಿ.ಎ. ಓದಿದ್ದಕ್ಕೆ ನನಗೆ ಸಿಕ್ಕ ಮೊದಲ ಉದ್ಯೋಗ ಅದು!

ಗೀರಿನ ಮೇಲೆ ದಪ್ಪಗೆ ವಿಭೂತಿ ಬಳಿದ. ಗುಮಾನಿ ಬರದಿರಲೆಂದು ಉಳಿದ ಟೈರುಗಳಿಗೂ ತೆಳ್ಳಗೆ ಬಳಿದ. ನಮ್ಮಿಬ್ಬರನ್ನು ಬಿಟ್ಟರೆ ಖಾಲಿಯಾಗಿದ್ದ ಬಸ್ಸು, ಆರು ವಿಭೂತಿ ಪಟ್ಟೆಗಳೊಡನೆ, ಯಾವುದೋ ಮಠದ ಸವಾರಿಯಂತೆ ಹೊರಟಿತು.

ರೊದ್ದಂ ದಾಟಿದ ಮೇಲೆ ರಸ್ತೆಯ ಎಡಬದಿಗೆಲ್ಲ ಜಲ್ಲಿ ಸುರಿದಿದ್ದರು. ಚಿಕ್ಕಪ್ಪ ಬಸ್ಸನ್ನು ಪೂರ್ತಿ ಬಲಕ್ಕೆ ತಂದ.

"ಚಿಕ್ಕಪ್ಪ, ಎಡಕ್ಕೆ ಬಾ!"

"ಗಾಯ ಆಗಿರೋ ಕಾಲ್ನ ಯಾರಾನಾ ಮುಳ್ಳಿನ್ ಮ್ಯಾಗೆ ಇಕ್ತಾರೇನ್ಲಾ?"

"ಎದುರಿಗೆ ಗಾಡಿ ಬಂದರೆ?"

"ಬರೋರ್ಗೆ ಕಣ್ಣಿರಲ್ವಾ?"

ಬಂದೇ ಬಂತು! ಅದೂ ಎಲ್ಲಿ? ಕಿರಿದಾದ ಕೆರೆ ಏರಿಯ ಮೇಲೆ. ಅದೂ ಯಾವುದು? ಎದುರು ಕಂಪನಿಯ ಬಸ್ಸು! ಅದರ ಹಾರನ್ನು ಕೂಗುತ್ತಿದೆ, ನಾನು ಕೂಗುತ್ತಿದ್ದೇನೆ. ಎಡಕ್ಕೆ ತಿರುಗಿಸಬೇಕಾದ ಚಿಕ್ಕಪ್ಪ ಜಲ್ಲಿಯ ರಾಶಿ ನೋಡಿ ಇನ್ನೂ ಬಲಕ್ಕೆ ತಿರುಗಿಸಿದ. ಇದನ್ನು ಬರೆಯುವಾಗಲೂ ಮೇಜಿನ ಕೆಳಗೆ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿದೆ. ಬಸ್ಸು ನಿಂತಿತು. ಚಿಕ್ಕಪ್ಪನ ಕಿಟಕಿಯಲ್ಲಿ ರಸ್ತೆ ಇರಲಿಲ್ಲ, ಬರೀ ನೀರು. ಬಲಗಡೆಯ ಮುಂದಿನ ಚಕ್ರ ಗಾಳಿಯಲ್ಲಿ ಸುಮ್ಮನೆ ಸುತ್ತುತ್ತಿತ್ತು.

ತನ್ನ ಕಡೆಯ ಬಾಗಿಲಿಂದ ಇಳಿದರೆ ಕೆರೆಗೇ ಇಳಿಯಬೇಕು. ಚಿಕ್ಕಪ್ಪ ನನ್ನ ತೊಡೆ ತುಳಿದುಕೊಂಡು ಎಡಕ್ಕೆ ಹಾರಿದ. ಕೈ ಕೊಟ್ಟು ನನ್ನನ್ನು ಎಳೆಯುತ್ತಾನೆ ಎಂದುಕೊಂಡೆ. ಎಳೆದನೇ? ಎಡಗಡೆ ಟೈರಿನ ಮುಂದೆ ಕೂತು, ಸವರಿ, "ಸದ್ಯ! ಒಂದ್ ನೂಲೂ ಕಂಡಿಲ್ಲ!" ಎಂದು ಕೈಮುಗಿದ. ನಾನಿನ್ನೂ ಕೆರೆಯ ಮೇಲೆಯೇ ಇದ್ದೆ!

ಎದುರು ಕಂಪನಿಯ ಬಸ್ಸಿನ ಡ್ರೈವರ್ ತಲೆ ಹೊರಹಾಕಿ, "ಏನಣ್ಣೋ, ಬಸ್ಗೆ ಈಜು ಕಲಿಸ್ತಿದೀಯಾ?" ಎಂದ. ಅವನೇ ಹಗ್ಗ ಕೊಟ್ಟ, ಅವನ ಬಸ್ಸಿನ ಜನವೇ ಇಳಿದು ಎಳೆದರು. ಚಿಕ್ಕಪ್ಪ ಪಕ್ಕದಲ್ಲಿ ನಿಂತು, "ಮೆಲ್ಲಗೆ ಎಳೀರಪ್ಪೋ, ಟೈರು!" ಎಂದು ಅವರನ್ನೇ ಗದರಿಸಿದ.

ಕಲ್ಯಾಣದುರ್ಗದಲ್ಲಿ ಬ್ರೇಕ್ ಇನ್‌ಸ್ಪೆಕ್ಟರು ಬಸ್ಸನ್ನು ಒಂದು ಸುತ್ತು ಹಾಕಿ ಎಡಗಡೆ ಟೈರಿನ ಮುಂದೆಯೇ ನಿಂತರು. "ಏಮಯ್ಯಾ, ದೀನಿಕಿ ಮಾತ್ರಂ ಇಂತ ವಿಭೂತಿ ಎಂದುಕು?" ಇದಕ್ಕೆ ಮಾತ್ರ ಯಾಕಿಷ್ಟು ವಿಭೂತಿ?

"ಇಂಟಿಕಿ ಪೆದ್ದದಿ ಸ್ವಾಮಿ!" ಎಂದ ಚಿಕ್ಕಪ್ಪ. ಮನೆಗೆ ಹಿರಿಯಳಂತೆ!

ಇನ್‌ಸ್ಪೆಕ್ಟರು ಕರ್ಚೀಫಿನಿಂದ ಹಿರಿಯಳ ವಿಭೂತಿ ಒರೆಸಿದರು. ಗೀರಿನೊಳಗೆ ಉಗುರು ಇಟ್ಟು ನೋಡಿದರು. ಆಮೇಲೆ ಅವರು ನಕ್ಕರು. ನೂಲು ಕಂಡಿಲ್ಲ, ಬರೀ ಮೇಲಿನ ಗೀರು, ಇಷ್ಟಕ್ಕೆಲ್ಲ ಫೇಲ್ ಮಾಡಿದರೆ ಈ ಸೀಮೆಯಲ್ಲಿ ಬಸ್ಸೇ ಓಡುವುದಿಲ್ಲ ಎಂದು ತೆಲುಗಿನಲ್ಲಿಯೇ ಹೇಳಿ, ಕೊನೆಗೆ "ಪಾಸ್" ಎಂದರು. ನನ್ನ ಬಿ.ಎ. ಅಷ್ಟೂ ಖರ್ಚಾದದ್ದು ಆ ಒಂದು ಇಂಗ್ಲಿಷ್ ಶಬ್ದಕ್ಕೆ!

ಚಿಕ್ಕಪ್ಪ ಕುಣಿಯುವುದೊಂದು ಬಾಕಿ. ಬಸ್ಸನ್ನು ಬೀಗರ ಮನೆಯ ಬೀದಿಗೆ ತಂದು, ಮಗಳು ಬರುವ ಮುಂಚೆಯೇ ಬಾಗಿಲು ತೆರೆದು ನಿಂತ. ತಂಗಿ ಹೊರಗೆ ಬಂದಳು. ಕೈ ತುಂಬ ಹಸಿರು ಬಳೆ. ಒಂದು ಕೈ ಸೊಂಟದ ಮೇಲೆ, ಒಂದು ಕೈ ಅತ್ತೆಯ ಹೆಗಲ ಮೇಲೆ, ಹೆಜ್ಜೆ ಹೆಜ್ಜೆಗೂ ನಿಂತು ನಿಂತು ಬರುತ್ತಿದ್ದಳು. ಮೆಟ್ಟಿಲ ಮೇಲೆ ಕಾಲಿಟ್ಟಳು.

"ತಡಿ ಕಣವ್ವ," ಎಂದ ಚಿಕ್ಕಪ್ಪ. ಅವನ ಮುಖ ಕೆರೆ ಏರಿಯ ಮೇಲೆ ಕೂಡ ಅಷ್ಟು ಬಿಳಿಚಿರಲಿಲ್ಲ. "ಇಳೀ. ಇದ್ರಾಗೆ ಬ್ಯಾಡ."

"ಪಾಸಾಯ್ತಲ್ಲ ಚಿಕ್ಕಪ್ಪ!" ಎಂದೆ ನಾನು.

"ಪಾಸ್ ಮಾಡ್ದೋರ ಮಗಳು ಇದ್ರಾಗೆ ಕುಂತ್ಕಳಲ್ಲ ಕಣ್ಲಾ."

ಎದುರು ಕಂಪನಿಯ ಮಧ್ಯಾಹ್ನದ ಬಸ್ಸಿಗೆ ತಾನೇ ಕರೆದೊಯ್ದು ಹತ್ತಿಸಿದ. ಮೆತ್ತಗಿರಲೆಂದು ತನ್ನ ಸೀಟಿನ ದಿಂಬು ತಂದು ಅವಳ ಬೆನ್ನಿಗೆ ಕೊಟ್ಟ. ಡ್ರೈವರಿಗೆ ಕೈಮುಗಿದು, "ಮೆಲ್ಲಗ್ ಹೋಗಪ್ಪ," ಎಂದ.

ಆ ಬಸ್ಸಿನ ಹಿಂದೆ ನಮ್ಮ ಖಾಲಿ ಬಸ್ಸು ಹೊರಟಿತು. ಕಂಬದೂರಿನ ಹೊತ್ತಿಗೆ ನನ್ನ ಹಲ್ಲಿನ ಸಂದಿಯಲ್ಲೆಲ್ಲ ಅವರ ಧೂಳು. "ಚಿಕ್ಕಪ್ಪ, ಸೈಡ್ ಹೊಡೆದು ಮುಂದೆ ಹೋಗಬಾರದೇ?" ಎಂದೆ.

ಚಿಕ್ಕಪ್ಪ ಗಾಜಿನ ಧೂಳನ್ನು ಅಂಗೈಯಿಂದ ಒರೆಸಿಕೊಂಡ.

"ಮುಂದಕ್ಕ್ ಹೋದ್ರೆ ಅವಳು ಕಾಣಲ್ಲ ಕಣ್ಲಾ," ಎಂದ.