ಸಾರ್ವಕಾಲಿಕ ಶ್ರೇಷ್ಠರು ಹತ್ತು, ಅಂಟಿಸಿದ ಚೀಟಿ ಇಪ್ಪತ್ತು

ಭೂಮಂಡಲದಲ್ಲಿ ಇಂದಿನವರೆಗೆ ಸ್ಟೀಲ್ ಗಿಟಾರನ್ನು ಮುಟ್ಟಿದ ಸಕಲ ವಾದಕರನ್ನೂ ತೂಗಿ ನೋಡಿ, ಅವರಲ್ಲಿ ಸಾರ್ವಕಾಲಿಕ ಶ್ರೇಷ್ಠರಾದ ಹತ್ತು ಮಂದಿಯನ್ನು ಆರಿಸಿ, ಭಾನುವಾರ ಬೆಳಿಗ್ಗೆ ಊರಿನ ವಾದ್ಯಪ್ರಿಯರ ಸಂಘದ ಸಭೆಯ ಮುಂದಿಡುವೆನೆಂದು ಕನ್ನಡಕದಂಗಡಿಯ ಯಜಮಾನರು ಪ್ರತಿಜ್ಞೆ ಕೈಗೊಂಡದ್ದು ಸೋಮವಾರ. ಆ ಭೀಷಣ ಪ್ರತಿಜ್ಞೆಗೆ ಸಾಕ್ಷಿಯಾಗಿದ್ದವು ಎರಡೇ: ಒಂದು, ಧರ್ಮಪತ್ನಿ, ಇನ್ನೊಂದು, ಒಲೆಯ ಮೇಲಿದ್ದ ಹಾಲು. ಹಾಲು ತಕ್ಷಣ ಉಕ್ಕಿತು. ಧರ್ಮಪತ್ನಿ ಉಕ್ಕಲಿಲ್ಲ.

“ಹತ್ತು ಜನಾನಾ? ಅಂಗಡಿಗೆ ಹತ್ತು ಫ್ರೇಮ್ ಆರಿಸೋಕೆ ನಿಮಗೆ ಎರಡು ತಿಂಗಳು ಹಿಡೀತು ಕಣ್ರೀ!” ಎಂದಳು, ಒಲೆ ಒರೆಸುತ್ತ.

“ಫ್ರೇಮ್ ಬೇರೆ, ಕಲೆ ಬೇರೆ! ಮೂರು ಸ್ವರ ಕೇಳಿಸು ಸಾಕು, ಯಾರ ಕೈ ಅಂತ ಕಣ್ಣು ಮುಚ್ಕೊಂಡು ಹೇಳ್ತೀನಿ!”

ಸ್ಟೀಲ್ ಗಿಟಾರೆಂಬುದು ತೊಡೆಯ ಮೇಲೆ ಅಂಗಾತ ಮಲಗುವ ವಾದ್ಯ. ಅದರ ತಂತಿಗಳನ್ನು ಬೆರಳಿನಿಂದ ಒತ್ತುವುದಿಲ್ಲ. ಉಕ್ಕಿನದೊಂದು ಪುಟ್ಟ ಸರಳನ್ನು ಅವುಗಳ ಮೇಲೆ ಜಾರಿಸುತ್ತಾರೆ. ಬಲ್ಲವರು ಜಾರಿಸಿದರೆ ಬೀದಿಯವರು ಕಿಟಕಿ ತೆರೆಯುತ್ತಾರೆ. ಅರಿಯದವರು ಜಾರಿಸಿದರೆ ನೆರೆಮನೆಯವರು ಕಿಟಕಿ ಮುಚ್ಚುತ್ತಾರೆ. ಯಜಮಾನರು ಯಾವ ಮನೆಯಲ್ಲಿದ್ದರೂ ನೆರೆಮನೆಯ ಕಿಟಕಿಗಳು ಹನ್ನೊಂದು ವರ್ಷಗಳಿಂದ ಮುಚ್ಚಿಯೇ ಇದ್ದುವು.

ಆದರೂ ಅವರ ಎದೆಯೊಳಗೊಂದು ಸಂಕಟವಿತ್ತು. ಅವರಿಗೆ ಆ ವಿದ್ಯೆಯನ್ನು ಧಾರೆಯೆರೆದ ಮೇಷ್ಟ್ರು ಭಾನುವಾರ ಮೊದಲನೆಯ ಸಾಲಿನಲ್ಲಿ ಕುಳಿತಿರುತ್ತಾರೆ. ಎಪ್ಪತ್ತೊಂಬತ್ತರ ಹಿರಿಯ ಜೀವ. ಬೆರಳುಗಳಿಗೆ ನಡುಕ ಬಂದು ನಾಲ್ಕು ವರ್ಷಗಳಾದುವು. ವಾದ್ಯವು ಪೆಟ್ಟಿಗೆಯೊಳಗೆ, ಪೆಟ್ಟಿಗೆಯು ಮಂಚದ ಕೆಳಗೆ. ಪಟ್ಟಿಯಲ್ಲಿ ಅವರ ಹೆಸರಿದ್ದರೆ ಶಿಷ್ಯನು ಗುರುವಿಗೆ ಬೆಣ್ಣೆ ಹಚ್ಚಿದನೆಂದು ಸಂಘವೆಲ್ಲ ನಗುತ್ತದೆ. ಇರದಿದ್ದರೆ, ಹತ್ತನೆಯ ಹೆಸರನ್ನು ಓದಿ ಮುಗಿಸಿದ ಗಳಿಗೆಯಲ್ಲಿ ಆ ಮುಖವನ್ನು ನೋಡುವ ಧೈರ್ಯ ಯಾರಿಗಿದೆ?

ಆದುದರಿಂದ ಯಜಮಾನರು ನಿಷ್ಪಕ್ಷಪಾತದ ಉಪಾಯವೊಂದನ್ನು ಹೂಡಿದರು. ಸ್ಟೀಲ್ ಗಿಟಾರ್ ಹಿಡಿದವರೆಲ್ಲ ಜನ್ಮದಲ್ಲೊಮ್ಮೆ ನುಡಿಸಲೇಬೇಕಾದ ಹಳೆಯ ಧಾಟಿಯೊಂದಿದೆ. ಆ ಒಂದೇ ಧಾಟಿಯನ್ನು ಇಪ್ಪತ್ತು ಮಂದಿ ನುಡಿಸಿದ ಇಪ್ಪತ್ತು ರೆಕಾರ್ಡುಗಳು ಸಂಘದ ಕಪಾಟಿನಲ್ಲಿದ್ದುವು. ಅವುಗಳಲ್ಲೊಂದು, ಮೇಷ್ಟ್ರು ಯೌವನದಲ್ಲಿ ಮಾಡಿದ ಏಕೈಕ ರೆಕಾರ್ಡು, ಕಳೆದ ತಿಂಗಳಷ್ಟೇ ಅಲ್ಲಿ ದೊರೆತಿತ್ತು. ಯಜಮಾನರು ಅದನ್ನು ಇನ್ನೂ ಕೇಳಿರಲಿಲ್ಲ. ಎಲ್ಲವನ್ನೂ ಮನೆಗೆ ತಂದರು. ಹೆಂಡತಿಯು ಅವುಗಳನ್ನು ಕಲಸಿ, ನಡುವಿನ ಹೆಸರು ಮುಚ್ಚುವಂತೆ ದುಂಡು ಕಾಗದ ಅಂಟಿಸಿ, ಒಂದರಿಂದ ಇಪ್ಪತ್ತರವರೆಗೆ ಅಂಕಿ ಹಾಕಬೇಕು; ಯಾವ ಅಂಕಿ ಯಾರದೆಂಬುದನ್ನು ಗುಟ್ಟಾಗಿ ಬರೆದಿಡಬೇಕು; ಇವರು ಅಂಕಿಯನ್ನು ಮಾತ್ರ ನೋಡಿ ತೀರ್ಪು ಕೊಡಬೇಕು.

“ಆ ಗುಟ್ಟಿನ ಚೀಟಿ ನನ್ನ ಕೈಗೆ ಸಿಗಲೇಬಾರದು ಕಣೇ. ನಾನು ಅತ್ತರೂ ಕೊಡಬೇಡ!” ಎಂದು ಅಪ್ಪಣೆ ಮಾಡಿದರು.

ಹೆಂಡತಿಗೆ ಅಂಚೆ ಕಚೇರಿಯಲ್ಲಿ ಕಾಗದಗಳನ್ನು ವಿಂಗಡಿಸುವ ಕೆಲಸ. ಇಪ್ಪತ್ತೆರಡು ವರ್ಷಗಳ ಸೇವೆ. ಆಕೆ ಚೀಟಿಯನ್ನು ಲಕೋಟೆಯೊಳಗಿಟ್ಟು, ತಮ್ಮ ಮನೆಯ ವಿಳಾಸವನ್ನೇ ಬರೆದು, ಅಂಚೆಗೆ ಹಾಕಿಬಿಟ್ಟಳು!

“ಶುಕ್ರವಾರ ಮನೆ ಬಾಗಿಲಿಗೆ ಬರುತ್ತೆ. ಅಲ್ಲೀವರೆಗೆ ನೀವಲ್ಲ, ನಿಮ್ಮಪ್ಪ ಬಂದರೂ ಸಿಗಲ್ಲ.”

ಯಜಮಾನರು ಆನಂದಬಾಷ್ಪ ಸುರಿಸುವುದೊಂದು ಬಾಕಿ.

ಮುಂದಿನ ನಾಲ್ಕು ದಿನಗಳಲ್ಲಿ ಆ ಧಾಟಿಯು ಆ ಮನೆಯನ್ನು ಆಕ್ರಮಿಸಿಕೊಂಡಿತು. ಯಜಮಾನರು ಪ್ರತಿ ರೆಕಾರ್ಡನ್ನೂ ಹತ್ತು ಸಲ ಕೇಳಿ, ನೋಟ್‌ಬುಕ್ಕಿನಲ್ಲಿ ನಿರ್ದಾಕ್ಷಿಣ್ಯವಾದ ಷರಾ ಬರೆದರು. ಕಚೇರಿಯಲ್ಲಿ ಹೆಂಡತಿಯು ತನಗರಿವಿಲ್ಲದೆ ಅದನ್ನೇ ಗುನುಗುತ್ತ ಕಾಗದ ವಿಂಗಡಿಸಿದಳು. ಬುಧವಾರದ ಹೊತ್ತಿಗೆ ಪೋಸ್ಟ್‌ಮನ್‌ಗಳೆಲ್ಲ ಅದನ್ನೇ ಶಿಳ್ಳೆ ಹಾಕುತ್ತ ಸೈಕಲ್ ತುಳಿದರು. ಶುಕ್ರವಾರ ಬಂತು. ಪೋಸ್ಟ್‌ಮನ್ ಬಂದ, ಶಿಳ್ಳೆಯೂ ಬಂತು. ಲಕೋಟೆ ಬರಲಿಲ್ಲ.

ಶನಿವಾರ ಮಧ್ಯಾಹ್ನ ಹೆಂಡತಿಯು ಹಣೆ ಚಚ್ಚಿಕೊಂಡಳು.

“ರೀ… ನಾನು ಹಳೇ ಮನೆ ವಿಳಾಸ ಬರೆದೆ ಅನ್ಸುತ್ತೆ. ಯಾವ ಅಂಕಿ ಯಾರದು ಅಂತ ನಂಗೂ ನೆನಪಿಲ್ಲ.”

“ಏನು! ಈ ಮನೆಗೆ ಬಂದು ಎರಡು ವರ್ಷ ಆಯ್ತಲ್ಲೇ! ಊರಿನವರ ವಿಳಾಸ ಎಲ್ಲಾ ನಿನ್ನ ನಾಲಿಗೆ ತುದೀಲಿದೆ, ನಿನ್ನ ಮನೇದೇ ಮರೆತೆಯಾ?”

“ಊರಿನವರ ಕಾಗದ ನನ್ನ ಕೈಗೆ ಬರುತ್ತೆ. ನಮಗ್ಯಾರು ಬರೀತಾರೆ? ಇರಲಿ ಬಿಡಿ. ಮೂರು ಸ್ವರ ಸಾಕು ಅಂದಿದ್ರಲ್ಲ, ಕಣ್ಣು ಮುಚ್ಕೊಳ್ಳಿ, ಹೇಳಿ.”

ಹಳೆಯ ಮನೆಗೆ ಓಡಿ ನೋಡಿದರೆ, ಬಾಗಿಲಿಗೆ ಬೀಗ. ಅಲ್ಲಿದ್ದವರು ವಾರದ ಮಟ್ಟಿಗೆ ಪರ ಊರಿಗೆ. ಮರಳಿ ಬಂದ ಯಜಮಾನರು ಕಣ್ಣು ಮುಚ್ಚಿದರು. ನಾಲ್ಕನೆಯ ರೆಕಾರ್ಡನ್ನು ಕೇಳಿ ಈ ವಾದ್ಯ ಹುಟ್ಟಿದ ದ್ವೀಪದ ಒಬ್ಬ ವಾದಕನ ಹೆಸರು ಹೇಳಿದರು. ಹೆಂಡತಿಯು ಅದನ್ನೇ ತಿರುಗಿ ಹಾಕಿ “ಇದು?” ಎಂದಳು, ಗಾಂಭೀರ್ಯದಿಂದ ಇನ್ನೊಬ್ಬನ ಹೆಸರು ಹೇಳಿದರು. ಮೂರನೆಯ ಸಲ ಹಾಕಿದಾಗ, “ಇವನು ಇಬ್ಬರ ಹತ್ತಿರಾನೂ ಕಲಿತವನು!” ಎಂದರು.

ಅಂಟಿಸಿದ ಕಾಗದವನ್ನು ಕೀಳೋಣವೆಂದರೆ, ಅದಕ್ಕೆ ಬಳಸಿದ್ದು ಅಂಗಡಿಯ ಗಟ್ಟಿ ಅಂಟು. ಕಿತ್ತರೆ ಕೆಳಗಿನ ಹೆಸರೂ ಅದರೊಡನೆಯೇ ಹೋಗುತ್ತದೆ. “ಒದ್ದೆ ಬಟ್ಟೆ ಇಟ್ಟು ನಿಧಾನಕ್ಕೆ ಬಿಡಿಸಿ ನೋಡ್ತೀನಿ. ಲಕೋಟೆ ಬಿಡಿಸಿದ ಕೈ ಇದು. ಆದ್ರೆ ಒಂದೊಂದಕ್ಕೂ ಕಾಲು ಗಂಟೆ ಬೇಕು. ಅಷ್ಟರಲ್ಲಿ ಗೊತ್ತಿರೋರನ್ನ ಕರೆದು ಕೇಳಿಸಿ,” ಎಂದಳು ಹೆಂಡತಿ.

ಗೊತ್ತಿರುವವರು ಊರಿಗೆಲ್ಲ ಒಬ್ಬರೇ. ಯಜಮಾನರು ಹೋಗಿ ಮೇಷ್ಟ್ರನ್ನೇ ಕರೆತಂದರು. ಭಾನುವಾರದ ಪಟ್ಟಿಯ ವಿಷಯ ಅವರಿಗೆ ಗೊತ್ತಿತ್ತು. ಒಗೆದ ಅಂಗಿ ತೊಟ್ಟು ಬಂದಿದ್ದರು. ಅದನ್ನು ಕಂಡು ಯಜಮಾನರು ಆರಾಮ ಕುರ್ಚಿಯ ಧೂಳನ್ನು ಎರಡೆರಡು ಸಲ ಒರೆಸಿದರು.

ಮೇಷ್ಟ್ರು ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತರು. ಮೊದಲನೆಯದಕ್ಕೆ “ಆಹಾ!” ಎಂದರು. ಎರಡನೆಯದಕ್ಕೆ ಹೆಸರನ್ನೂ ಹೇಳಿದರು. ನಾಲ್ಕನೆಯದಕ್ಕೆ ಸುಮ್ಮನೆ ಕಣ್ಣೊರೆಸಿಕೊಂಡರು. ಕೇಳಿದ ರೆಕಾರ್ಡುಗಳು ಒಂದೊಂದಾಗಿ ಅಡುಗೆಮನೆಯ ಒದ್ದೆ ಬಟ್ಟೆಯ ಕೆಳಗೆ ಹೋದುವು. ಒಂಬತ್ತನೆಯದು ತಿರುಗತೊಡಗಿದೊಡನೆ ಮೇಷ್ಟ್ರ ಹುಬ್ಬು ಮೇಲೇರಿತು, ಹೊಟ್ಟೆ ಕುಲುಕಿತು.

“ಯಾರಯ್ಯಾ ಇವನು? ರೈಲಿಗೆ ಹೊತ್ತಾಯ್ತು ಅನ್ನೋ ಹಾಗೆ ಓಡ್ತಾನೆ! ಸರಳು ಜಾರಿಸ್ತಿದಾನೋ, ಕಬ್ಬಿಣದ ಮಂಚ ಎಳೀತಿದಾನೋ?”

ಗುರುಗಳು ನಕ್ಕದ್ದನ್ನು ಕಂಡು ವರ್ಷಗಳಾಗಿದ್ದ ಯಜಮಾನರಿಗೆ ಹುಚ್ಚು ಹುರುಪು ಬಂತು. “ಮಂಚ ಅಲ್ಲ ಮೇಷ್ಟ್ರೇ, ಬೀರು! ಬೀರೂನ ಮಹಡಿ ಮೆಟ್ಟಿಲಲ್ಲಿ ಇಳಿಸ್ತಿದಾನೆ! ಇವನ ಕೈಗೆ ಸರಳು ಕೊಟ್ಟೋರನ್ನ ಹಿಡಿದು ಕೇಳಬೇಕು!” ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ಹನ್ನೊಂದನೆಯದು ಮುಗಿಯುವ ಹೊತ್ತಿಗೆ ಹೆಂಡತಿಯು ಒಂಬತ್ತನೆಯ ರೆಕಾರ್ಡನ್ನು ಹಿಡಿದು ಬಾಗಿಲಲ್ಲಿ ನಿಂತಳು. ಕಾಗದ ಬಿಟ್ಟುಕೊಂಡಿತ್ತು. ಆಕೆಯ ಮುಖದಲ್ಲಿ ರಕ್ತವಿರಲಿಲ್ಲ.

“ಬಿಡ್ತಾ? ಭೇಷ್! ಯಾರು ಆ ಪುಣ್ಯಾತ್ಮ?”

“ಆಮೇಲೆ ಹೇಳ್ತೀನಿ. ಒಂಚೂರು ಒಳಗೆ ಬನ್ನಿ.”

“ಒಳಗ್ಯಾಕೆ? ಜೋರಾಗಿ ಓದು, ಮೇಷ್ಟ್ರೂ ಕೇಳಲಿ!”

“ರೀ, ಹಾಲು ಉಕ್ತಾ ಇದೆ ಬನ್ನಿ!”

“ಉಕ್ಕಲಿ! ಮೊದಲು ಓದು!”

“ಓದಮ್ಮಾ ತಾಯಿ,” ಎಂದರು ಮೇಷ್ಟ್ರೂ, ಇನ್ನೂ ಕಣ್ಣೊರೆಸಿಕೊಳ್ಳುತ್ತ.

ಆಕೆ ಓದಿದಳು. ಅದು ಮೇಷ್ಟ್ರ ಹೆಸರು!

ಯಜಮಾನರು ಭೂಮಿಯು ಬಾಯಿಬಿಡಲೆಂದು ನೆಲವನ್ನು ನೋಡಿದರು, ನೆಲವು ಗಟ್ಟಿಮುಟ್ಟಾಗಿತ್ತು. ಮೇಷ್ಟ್ರು ನಡುಗುವ ಕೈ ಚಾಚಿ ರೆಕಾರ್ಡನ್ನು ಇಸಿದುಕೊಂಡು, ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಹಾಕು ಇನ್ನೊಂದ್ಸಲ.”

ಹಾಕಿದರು. ಯಾರೂ ನಗಲಿಲ್ಲ. ಅರ್ಧಕ್ಕೆ ಬಂದಾಗ ಮೇಷ್ಟ್ರ ಎಡಗೈ ತೊಡೆಯ ಮೇಲೆ ತಾನಾಗಿ ಜಾರತೊಡಗಿತು, ಇಲ್ಲದ ತಂತಿಗಳ ಮೇಲೆ ಇಲ್ಲದ ಸರಳು.

“ಈಗ ಕೇಳಿದ್ರೆ,” ಎಂದರು ಕಡೆಗೆ, “ಅಷ್ಟೇನೂ ಕೆಟ್ಟದಾಗಿಲ್ಲ ಕಣಯ್ಯಾ.”

“ಅದ್ಭುತವಾಗಿದೆ ಮೇಷ್ಟ್ರೇ!” ಎಂದು ಯಜಮಾನರು ಹೌಹಾರಿ ನುಡಿದರು.

“ಸುಮ್ನಿರು, ಬೀರು ಇಳಿಸಿದ್ದೆ. ಆಗ ನನಗೆ ಇಪ್ಪತ್ತೆರಡು ವಯಸ್ಸು. ನನಗಿಂತ ಮುಂಚೆ ಹಾಡಿದೋರು ಹೊತ್ತು ಮಾಡಿದ್ರು. ಸ್ಟುಡಿಯೋದವನು ಗಾಜಿನ ಆಚೆ ನಿಂತು ಗಡಿಯಾರ ತೋರಿಸ್ತಾನೇ ಇದ್ದ. ಓಡಿಬಿಟ್ಟೆ. ಆ ನಾಚಿಕೆಗೆ ಇಷ್ಟು ವರ್ಷ ಇದನ್ನ ಕೇಳೇ ಇರ್ಲಿಲ್ಲ.” ಒಗೆದ ಅಂಗಿಯ ಕಾಲರನ್ನು ಸರಿಪಡಿಸಿಕೊಂಡು, “ನಾಳೆ ನನ್ನ ಮುಖ ನೋಡ್ಕೊಂಡು ನನ್ನ ಹೆಸರು ಸೇರಿಸಬೇಡ. ಹತ್ತೂ ಜನ ದೊಡ್ಡೋರೇ ಇರಲಿ. ಬೇಕಾದ್ರೆ ಕಡೇಲಿ, ಹನ್ನೊಂದನೆಯವನು ಇಂಥವನು ಅಂತ ಒಂದು ಮಾತು ಹೇಳು, ಸಾಕು. ಹತ್ತು ಹೆಸರು ಮರೆತರೂ ಜನ ಅದನ್ನ ಮರೆಯಲ್ಲ,” ಎಂದರು.

ಯಜಮಾನರ ಎದೆಯ ಮೇಲಿನ ಬಂಡೆ ಉರುಳಿತು. ವಾರದಲ್ಲಿ ಮೊದಲ ಬಾರಿಗೆ ನೆಟ್ಟಗೆ ಉಸಿರಾಡಿದರು. ಆ ಉಸಿರು ಪೂರ್ತಿ ಒಳಕ್ಕೆ ಹೋಗುವ ಮುನ್ನವೇ ಮೇಷ್ಟ್ರು ಕೇಳಿದರು:

“ಎಲ್ಲದಕ್ಕೂ ಷರಾ ಬರೆದಿದೀಯಂತೆ. ಒಂಬತ್ತಕ್ಕೆ ಏನು ಬರೆದೆ?”

ಯಜಮಾನರು ನೋಟ್‌ಬುಕ್ಕಿನ ಮೇಲೆ ಕುಳಿತುಬಿಟ್ಟರು. “ಅದು ಮಳೆ ನೀರಲ್ಲಿ ನೆಂದು…”

“ಮಳೆ ಎಲ್ಲಿ ಬಂತ್ರೀ?” ಎಂದು ಹೆಂಡತಿಯು ಅದನ್ನು ಎಳೆದು ಮೇಷ್ಟ್ರ ಕೈಗಿತ್ತಳು. ಅವರು ಕನ್ನಡಕವನ್ನು ಮೂಗಿಗೇರಿಸಿ, ಅಕ್ಷರ ಅಕ್ಷರ ಬಿಡಿಸಿ ಓದಿದರು: “ಒಂಬತ್ತು. ಈ ವಾದಕನಿಗೆ ಜೀವಮಾನದಲ್ಲಿ ಗುರುವೆಂಬವನೊಬ್ಬನು ಇದ್ದಂತೆ ತೋರುವುದಿಲ್ಲ.”

ಯಜಮಾನರ ಕಿವಿಗಳು ಕೆಂಪಾದುವು. ಮೇಷ್ಟ್ರು ಕನ್ನಡಕವನ್ನು ತೆಗೆದು, ಮಡಿಸಿ, ಜೇಬಿಗಿಟ್ಟರು.

“ಸರಿಯಾಗೇ ಹಿಡಿದಿದೀಯ ಕಣಯ್ಯಾ, ನಿನ್ನ ಕಿವಿ ಚುರುಕಾಗಿದೆ. ನನಗೆ ಯಾರೂ ಹೇಳಿಕೊಡಲಿಲ್ಲ, ನಾನಾಗೇ ಕಲಿತೆ,” ಎಂದು ಕುರ್ಚಿಗೊರಗಿದರು. “ಈಗ ನಿನ್ನ ಗಿಟಾರ್ ತಗೊಂಡು ಬಾ. ಹನ್ನೊಂದು ವರ್ಷ ಗುರು ಇದ್ದವನು ಹೇಗೆ ನುಡಿಸ್ತಾನೆ ಅಂತ ಒಂದಿಷ್ಟು ಕೇಳೋಣ.”